‘ಅವು ಹಂಗಽ ಬರ್ತಾವ, ಬಿಡು’

ಹುಬ್ಬಳ್ಳಿಯ ನಮ್ಮ ಆಫೀಸಿಗೆ ಹೊಸದಾಗಿ ಸೇರಿದ ಹುಡುಗಿ ಮೊದಲ ಸಲ ಬಿಲ್ಡ್ (ಬರೆದ ಕೋಡನ್ನು ಓಡುವ ಪ್ರೋಗ್ರಾಂ ಆಗಿ ಕಟ್ಟುವ ಕೆಲಸ) ಓಡಿಸಿದಾಗ ಪರದೆ ತುಂಬ ಹಳದಿ ಸಾಲುಗಳು ಉರುಳಿದವು. 212 ವಾರ್ನಿಂಗ್, ಕೋಡಿನಲ್ಲಿ ಏನೋ ಸರಿಯಿಲ್ಲ ಅನ್ನುವ ಎಚ್ಚರಿಕೆಗಳು. ಗಾಬರಿಯಿಂದ ನನ್ನ ಮುಖ ನೋಡಿದಳು. ‘ಅವು ಹಂಗಽ ಬರ್ತಾವ, ಬಿಡು’ ಅಂದೆ. ಹದಿನಾಲ್ಕು ವರ್ಷದಿಂದ ಕೋಡ್ ಬರೆಯುತ್ತಿರುವ ನಾನೇ ಅಂದದ್ದು.

ಅದು ಮೆಣಸಿನಕಾಯಿ ದಲಾಲಿ ಅಂಗಡಿಗಳ ಲೆಕ್ಕದ ಸಾಫ್ಟ್‌ವೇರ್. ಬ್ಯಾಡಗಿ ಕಡೆ ಸುಗ್ಗಿ ಜೋರಾದ ಫೆಬ್ರುವರಿಯ ಒಂದು ಸಂಜೆ ಫೋನು: ‘ಸಾಹೇಬ್ರ, ಮಾರಿದ್ದು ನಾವು, ನಿಮ್ಮ ಕಂಪ್ಯೂಟರ್ ನಮಗಽ ಎರಡು ಕೋಟಿ ಬಾಕಿ ತೋರಸಾಕತ್ತೈತಿ!’ ಒಟ್ಟು ವಹಿವಾಟು ಮೈನಸ್ ಆಗಿತ್ತು. ದಶಾಂಶದ ತಕರಾರು ಬೇಡವೆಂದು ಹಣವನ್ನು ಪೈಸೆಯಲ್ಲೇ ಇಡುತ್ತಿದ್ದೆವು. ಮೊತ್ತ ಕೂಡಿಸುವಲ್ಲಿ ಯಾರೋ 64 ಬಿಟ್‌ನ ದೊಡ್ಡ ಸಂಖ್ಯೆಯನ್ನು 32 ಬಿಟ್‌ನ ಸಣ್ಣ ಡಬ್ಬಿಗೆ ತುರುಕಿದ್ದರು. ಆ ಡಬ್ಬಿಯಲ್ಲಿ ಹಿಡಿಸುವುದು 2,14,74,83,647 ಪೈಸೆ, ಅಂದರೆ 2 ಕೋಟಿ 14 ಲಕ್ಷ 74 ಸಾವಿರ ಚಿಲ್ಲರೆ ರೂಪಾಯಿ. ಮೇಲೆ ಒಂದು ಪೈಸೆ ಬಿದ್ದರೂ ಲೆಕ್ಕ ಉಲ್ಟಾ. ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಇದನ್ನು ದಿನಾಲೂ ಹೇಳುತ್ತಿತ್ತು, ಆ 212ರ ನಡುವೆ ಎಲ್ಲೋ.

ನಮ್ಮನ್ನು ದಣಿಸುವುದು ಕಷ್ಟದ ಲೆಕ್ಕ ಎಂದುಕೊಂಡಿದ್ದೆ. ಬೇಡದ್ದನ್ನು ಕಂಡೂ ಕಾಣದಂತೆ ಇರುವುದು ಅದಕ್ಕಿಂತ ದಣಿವು. ಮನಸ್ಸು ಒಮ್ಮೆಗೆ ಹಿಡಿದಿಡಬಲ್ಲದ್ದು ಸುಮಾರು 4 ಸಂಗತಿ ಎಂದು ಮನಶ್ಶಾಸ್ತ್ರಜ್ಞ ನೆಲ್ಸನ್ ಕೋವನ್ 2001ರಲ್ಲೇ ವಾದಿಸಿದ್ದರು. ತೂಕ, ದರ, ದಲಾಲಿ, ಹಮಾಲಿ: ಅಷ್ಟಕ್ಕೇ ಕೈ ತುಂಬಿತು. ‘ಟೋಟಲ್‌ನ್ಯೂ2’ ಅನ್ನುವ ಫಂಕ್ಷನ್ (ಒಂದು ಕೆಲಸಕ್ಕೆಂದು ಹೆಸರಿಟ್ಟ ಕೋಡಿನ ತುಣುಕು) ಸತ್ತದ್ದೋ ಬದುಕಿದ್ದೋ ಅನ್ನುವ ಅನುಮಾನ ನಡುವೆ ನುಸುಳಿದರೆ ಹಮಾಲಿ ಜಾರಿ ಬೀಳುತ್ತದೆ.

ಕೊನೆಗೆ ಈ ಕಸ ಗುಡಿಸಲು ಕೂತೆವು. ಬೇರೆ ಕಡೆಯಿಂದ ಕೋಡ್ ತರಿಸಿಕೊಳ್ಳುವ ಸಾಲುಗಳಲ್ಲಿ ಬಳಸದವನ್ನು, ಅಂದರೆ ಬಳಸದ ಇಂಪೋರ್ಟ್‌ಗಳನ್ನು, ಟೂಲೇ ಅರ್ಧ ದಿನದಲ್ಲಿ ಗುಡಿಸಿತು. ಜಗಳ ಆದದ್ದು ಓಡದಂತೆ ಕಾಮೆಂಟ್ ಮಾಡಿಟ್ಟ ಹಳೇ ಕೋಡಿಗೆ. ‘ಇರ್ಲಿ, ಮುಂದ ಬೇಕಾಗ್ತೈತಿ’ ಅಂದರು ಎಲ್ಲರೂ, ಅಟ್ಟದ ಮೇಲಿನ ತೂತು ಕೊಡಕ್ಕೆ ಅನ್ನುವ ಹಾಗೆ. ಹಳೆಯದೆಲ್ಲ, ಕೋಡಿನ ಬದಲಾವಣೆಗಳನ್ನು ಕಾಪಿಡುವ ಗಿಟ್‌ನಲ್ಲಿ ಇದ್ದೇ ಇರುತ್ತದಲ್ಲ. ಕಾಮೆಂಟಿನದು ಕಣ್ಣಿಗಷ್ಟೇ ತ್ರಾಸು. ಓಡಬಲ್ಲ ಸ್ಥಿತಿಯಲ್ಲೇ ಉಳಿದ ಸತ್ತ ಕೋಡು ದಿವಾಳಿಯನ್ನೇ ಎಬ್ಬಿಸಬಲ್ಲದು. 2012ರ ಆಗಸ್ಟ್ 1ರಂದು ಅಮೆರಿಕದ ಷೇರು ವಹಿವಾಟು ಕಂಪನಿ ನೈಟ್ ಕ್ಯಾಪಿಟಲ್ ಸುಮಾರು 45 ನಿಮಿಷದಲ್ಲಿ 44 ಕೋಟಿ ಡಾಲರ್ ಕಳೆದುಕೊಂಡಿತು. ವರ್ಷಗಟ್ಟಲೆ ಬಳಸದೆ ಬಿಟ್ಟಿದ್ದ ಕೋಡಿನ ಸ್ವಿಚ್ಚನ್ನೇ ಹೊಸ ಕೆಲಸಕ್ಕೆ ಬಳಸಿದ್ದರು. 8 ಸರ್ವರ್‌ಗಳಲ್ಲಿ ಒಂದಕ್ಕೆ ಹೊಸ ಕೋಡ್ ಹೋಗಿರಲಿಲ್ಲ; ಅಲ್ಲಿ ಆ ಸ್ವಿಚ್ಚು ಸತ್ತ ಕೋಡನ್ನೇ ಎಬ್ಬಿಸಿತು.

212ನ್ನು ಸೊನ್ನೆಗೆ ತರಲು ನಮಗೆ ಮೂರು ವಾರ ಹಿಡಿಯಿತು. ಈಗ ಒಂದೇ ಒಂದು ವಾರ್ನಿಂಗ್ ಬಂದರೂ ಬಿಲ್ಡ್ ನಿಲ್ಲುವಂತೆ ಕಟ್ಟಿದ್ದೇವೆ. ಹುಮ್ಮಸ್ಸಿನಲ್ಲಿ ನಾನು ಮಾಡಿದ ತಪ್ಪೊಂದನ್ನು ನೀವು ಮಾಡಬೇಡಿ: ಕಸ ಗುಡಿಸುವುದನ್ನೂ ಬಗ್ ತಿದ್ದುವುದನ್ನೂ ಒಂದೇ ಕಮಿಟ್‌ಗೆ (ಗಿಟ್‌ನಲ್ಲಿ ಒಟ್ಟಿಗೆ ದಾಖಲಾಗುವ ಬದಲಾವಣೆಗಳ ಕಟ್ಟು) ಹಾಕಿದ್ದೆ. ಬದಲಾದ 900 ಸಾಲುಗಳಲ್ಲಿ ನಿಜವಾದ ತಿದ್ದುಪಡಿ ಎರಡೇ ಸಾಲು. ಅವನ್ನು ಹುಡುಕುತ್ತಾ ಆ ಹುಡುಗಿ ಮಧ್ಯಾಹ್ನವೆಲ್ಲ ಕೂತಿದ್ದಳು.