ಪ್ರಾಕ್ಸಿ ಖರೀದಿ: ಗಡಿಯಾಚೆಯ ಹಳೆಯ ವಸ್ತುವನ್ನು ಇನ್ನೊಬ್ಬರ ಮೂಲಕ ಕೊಳ್ಳುವುದು

ಹೊರದೇಶದ ಜಾಲತಾಣದಲ್ಲಿ ಮಾರಾಟಕ್ಕಿಟ್ಟ ವಸ್ತುವನ್ನು ಆ ದೇಶದಲ್ಲೇ ಇರುವ ಮಧ್ಯಸ್ಥ ಸಂಸ್ಥೆಯೊಂದು ತನ್ನ ಖಾತೆಯಿಂದ, ತನ್ನದೇ ಗೋದಾಮಿನ ವಿಳಾಸಕ್ಕೆ ಕೊಂಡು, ಬಳಿಕ ಅದನ್ನು ನಿಜವಾದ ಗ್ರಾಹಕರಿಗೆ ಕಳುಹಿಸಿಕೊಡುವ ವ್ಯವಸ್ಥೆಗೆ ಪ್ರಾಕ್ಸಿ ಖರೀದಿ ಎನ್ನುತ್ತಾರೆ. ಮಂಡಿಯ ದಲಾಲರು ರೈತನ ಪರವಾಗಿ ಮಾರಿಕೊಡುವಂತೆ ಇಲ್ಲಿನ ಮಧ್ಯಸ್ಥರು ಕೊಳ್ಳುವವರ ಪರವಾಗಿ ಕೊಂಡುಕೊಡುತ್ತಾರೆ. ಈ ಪದ್ಧತಿ ಬಲವಾಗಿ ಬೇರೂರಿರುವುದು ಜಪಾನಿನ ಹಳೆಯ ವಸ್ತುಗಳ ಮಾರುಕಟ್ಟೆಯಲ್ಲಿ. ಫಿಲ್ಮ್ ಕ್ಯಾಮೆರಾ, ಲೆನ್ಸ್, ಫೌಂಟನ್ ಪೆನ್, ಕೈಗಡಿಯಾರ, ಗ್ರಾಮಫೋನ್ ತಟ್ಟೆಗಳನ್ನು ಹುಡುಕುವ ಹವ್ಯಾಸಿಗಳು ಒಂದಲ್ಲ ಒಂದು ದಿನ ಅಲ್ಲಿಗೆ ತಲುಪುತ್ತಾರೆ.

ಜಪಾನಿನಲ್ಲೇ ಈ ಪದ್ಧತಿ ಇಷ್ಟು ಬೆಳೆಯಲು ಕಾರಣವಿದೆ. 1999ರಲ್ಲಿ ಆರಂಭವಾದ ಯಾಹೂ ಆಕ್ಷನ್ಸ್ ಅಲ್ಲಿನ ಹರಾಜು ವ್ಯವಹಾರವನ್ನು ಎಷ್ಟು ಬೇಗ ತನ್ನದಾಗಿಸಿಕೊಂಡಿತೆಂದರೆ, ಅನಂತರ ಬಂದ ಇಬೇ 2002ರಲ್ಲಿ ಆ ದೇಶದ ತನ್ನ ತಾಣವನ್ನು ಮುಚ್ಚಬೇಕಾಯಿತು. 2013ರಲ್ಲಿ ಹುಟ್ಟಿದ ಮೆರ್ಕಾರಿ ಸಾಮಾನ್ಯ ಮನೆಗಳ ಹಳೆಯ ವಸ್ತುಗಳನ್ನೂ ಮೊಬೈಲ್ ಮೂಲಕ ಮಾರಾಟಕ್ಕೆ ತಂದಿತು. ಈ ಎರಡೂ ದೇಶದೊಳಗಿನ ವ್ಯಾಪಾರಕ್ಕೆಂದು ರೂಪುಗೊಂಡವು: ಮಾರುವವರು ಬರೆಯುವುದು ಜಪಾನಿ ಭಾಷೆಯಲ್ಲಿ, ಪಾರ್ಸೆಲ್ ಕಳುಹಿಸುವುದು ಜಪಾನಿನ ವಿಳಾಸಕ್ಕೆ. 2022ರ ಏಪ್ರಿಲ್‌ನಿಂದ ಐರೋಪ್ಯ ದೇಶಗಳ ಬಳಕೆದಾರರಿಗೆ ಯಾಹೂ ಜಪಾನಿನ ಬಹುತೇಕ ಸೇವೆಗಳು ನೇರವಾಗಿ ಸಿಗುತ್ತಲೂ ಇಲ್ಲ. ಮಾರುವವರಿಗೂ ಹೊರದೇಶದ ಕೊಳ್ಳುವವರಿಗೂ ನಡುವಿನ ಅಂತರವನ್ನು ತುಂಬಲು ಬಯೀ, ಝೆನ್‌ಮಾರ್ಕೆಟ್‌ನಂತಹ ಮಧ್ಯಸ್ಥ ಸಂಸ್ಥೆಗಳು ಅದಕ್ಕೂ ಮೊದಲೇ ಬಂದಿದ್ದವು.

ಪ್ರಾಕ್ಸಿ ಖರೀದಿಯ ವಿಷಯದಲ್ಲಿ ಎಲ್ಲಕ್ಕಿಂತ ಮೊದಲು ಮನದಟ್ಟಾಗಬೇಕಾದುದು ಇದು: ಇಲ್ಲಿ ನಡೆಯುವುದು ಒಂದು ವ್ಯಾಪಾರವಲ್ಲ, ಎರಡು. ಮಾರುವವರಿಂದ ಗೋದಾಮಿನವರೆಗಿನದು ಜಪಾನಿನೊಳಗಿನ ವ್ಯಾಪಾರ; ಗೋದಾಮಿನಿಂದ ನಮ್ಮ ಮನೆಯವರೆಗಿನದು ಬೇರೆಯೇ ಆದ ಸೇವಾ ಒಪ್ಪಂದ. ಮೆರ್ಕಾರಿಯಲ್ಲಿ ವಸ್ತು ಕೈಸೇರಿ, ಕೊಂಡವರು ಅದನ್ನು ನೋಡಿ ಒಪ್ಪಿಗೆ ಸೂಚಿಸುವವರೆಗೆ ಹಣವು ಮಾರಿದವರಿಗೆ ಸೇರುವುದಿಲ್ಲ. ಕೊಳ್ಳುವವರನ್ನು ಕಾಯುವ ಸೊಗಸಾದ ಏರ್ಪಾಡು ಇದು. ಆದರೆ ಪ್ರಾಕ್ಸಿ ಖರೀದಿಯಲ್ಲಿ ಆ ಒಪ್ಪಿಗೆಯನ್ನು ಕೊಡುವುದು ಮಧ್ಯಸ್ಥ ಸಂಸ್ಥೆ, ಅದೂ ಪೆಟ್ಟಿಗೆ ಗೋದಾಮು ತಲುಪಿದ ಹೊತ್ತಿನಲ್ಲಿ. ಗೋದಾಮಿನ ಸಿಬ್ಬಂದಿ ನೋಡುವುದು ಸಾಮಾನ್ಯವಾಗಿ ಪೆಟ್ಟಿಗೆಯ ಹೊರಮೈಯನ್ನು ಮತ್ತು ಬಂದದ್ದು ಹೇಳಿದ ವಸ್ತುವೇ ಎಂಬುದನ್ನು ಮಾತ್ರ. ಕ್ಯಾಮೆರಾದ ಶಟರ್ ಸರಿಯಾದ ವೇಗದಲ್ಲಿ ತೆರೆಯುತ್ತದೆಯೇ ಎಂಬುದನ್ನಲ್ಲ. ಆದ್ದರಿಂದ ಬೆಂಗಳೂರಿನಲ್ಲಿ ಪಾರ್ಸೆಲ್ ಬಿಚ್ಚಿ ದೋಷ ಕಂಡುಹಿಡಿಯುವ ಹೊತ್ತಿಗೆ ಮೊದಲ ವ್ಯಾಪಾರವು ಮುಗಿದು ಹೋಗಿರುತ್ತದೆ, ಮಾರಿದವರ ಮೇಲಿನ ಹಕ್ಕೂ ಅದರೊಂದಿಗೆ ಮುಗಿದಿರುತ್ತದೆ.

ಹೀಗಾಗಿ ಮಾರುವವರ ವಿವರಣೆಯನ್ನು ಓದುವುದರಲ್ಲೇ ಅರ್ಧ ಕೆಲಸ ಅಡಗಿದೆ. 'ಜಂಕ್' ಎಂದು ಬರೆದಿದ್ದರೆ ವಸ್ತುವು ಪೂರ್ತಿ ಹಾಳಾಗಿದೆಯೆಂದೇ ಅರ್ಥವಲ್ಲ; ಪರೀಕ್ಷಿಸಿಲ್ಲ, ಯಾವ ಖಾತರಿಯನ್ನೂ ಕೊಡುವುದಿಲ್ಲ, ಹಿಂದಕ್ಕೆ ಪಡೆಯುವುದಿಲ್ಲ ಎಂದು ಮಾರುವವರು ಮೊದಲೇ ಹೇಳಿಬಿಟ್ಟಂತೆ. ಲೆನ್ಸ್‌ಗಳ ವಿವರಣೆಯಲ್ಲಿ 'ಕಾಬಿ' ಎಂದರೆ ಶಿಲೀಂಧ್ರ, 'ಕುಮೋರಿ' ಎಂದರೆ ಗಾಜಿನೊಳಗಿನ ಮಬ್ಬು. ಶಿಲೀಂಧ್ರವನ್ನು ಬೇಗ ಕಂಡರೆ ಒರೆಸಿ ತೆಗೆಯಬಹುದು, ಮಬ್ಬು ಎಷ್ಟೋ ಸಲ ಹೋಗುವುದೇ ಇಲ್ಲ. ಜಪಾನಿನ ಮಾರಾಟಗಾರರು ಇಂತಹ ದೋಷಗಳನ್ನು ಬಹುಮಟ್ಟಿಗೆ ಪ್ರಾಮಾಣಿಕವಾಗಿ ಬರೆಯುತ್ತಾರೆ ಎಂಬುದು ನನ್ನ ಅಭಿಪ್ರಾಯ, ಆದರೆ ಯಂತ್ರಾನುವಾದವು ಆ ಸೂಕ್ಷ್ಮಗಳನ್ನು ನುಂಗಿಬಿಡುತ್ತದೆ. ಹಾಗಾಗಿ ಮೂಲದ ಈ ನಾಲ್ಕಾರು ಪದಗಳನ್ನು ಕಲಿತಿಟ್ಟುಕೊಳ್ಳುವುದು ಒಳ್ಳೆಯದು.

ಇನ್ನು ಬೆಲೆಯ ಮಾತು. ತಾಣದಲ್ಲಿ ಕಾಣುವ ಮೊತ್ತಕ್ಕೆ ಮಧ್ಯಸ್ಥರ ಶುಲ್ಕ, ಜಪಾನಿನೊಳಗಿನ ಸಾಗಣೆ ವೆಚ್ಚ, ಹಣ ವಿನಿಮಯದಲ್ಲಿ ಅವರು ಇಟ್ಟುಕೊಳ್ಳುವ ಅಂತರ, ಅಂತರರಾಷ್ಟ್ರೀಯ ಅಂಚೆ ವೆಚ್ಚ ಇವೆಲ್ಲ ಸೇರುತ್ತವೆ. ಹಲವು ವಸ್ತುಗಳನ್ನು ಗೋದಾಮಿನಲ್ಲಿ ಕೂಡಿಸಿ ಒಂದೇ ಪೆಟ್ಟಿಗೆಯಲ್ಲಿ ತರಿಸಿದರೆ ಅಂಚೆ ವೆಚ್ಚ ಇಳಿಯುತ್ತದೆ. ಖಾಸಗಿ ಕೊರಿಯರ್‌ಗಳಾದರೋ ಹಗುರವಾದರೂ ದೊಡ್ಡದಾಗಿರುವ ಪೆಟ್ಟಿಗೆಗೆ ಅದರ ಗಾತ್ರದ ಲೆಕ್ಕದಲ್ಲಿ ಹಣ ಕೇಳುತ್ತವೆ.

ಭಾರತಕ್ಕೆ ತರಿಸುವವರು ಇನ್ನೂ ಎರಡು ಸಂಗತಿಗಳನ್ನು ತಿಳಿದಿರಬೇಕು. ಸುಂಕವನ್ನು ಲೆಕ್ಕ ಹಾಕುವುದು ವಸ್ತುವಿನ ಬೆಲೆಯೊಂದರ ಮೇಲಲ್ಲ, ಸಾಗಣೆ ಮತ್ತು ವಿಮೆಯ ವೆಚ್ಚವನ್ನೂ ಸೇರಿಸಿದ ಮೌಲ್ಯದ ಮೇಲೆ. ಅದಕ್ಕಿಂತ ಗಂಭೀರವಾದದ್ದು, ನಮ್ಮ ವಿದೇಶ ವ್ಯಾಪಾರ ನೀತಿಯು ಬಳಸಿದ ವಸ್ತುಗಳ ಆಮದನ್ನು ಬಹುಪಾಲು ನಿರ್ಬಂಧಿತ ವರ್ಗದಲ್ಲಿ ಇಟ್ಟಿರುವುದು. ಬಳಸಿದ ಲ್ಯಾಪ್‌ಟಾಪ್ ಮತ್ತು ಕಂಪ್ಯೂಟರ್‌ಗಳನ್ನು ಅದರಲ್ಲಿ ಹೆಸರಿಸಿಯೇ ಹೇಳಲಾಗಿದೆ. ನಿರ್ಬಂಧಿತ ವಸ್ತುವು ಅನುಮತಿಯಿಲ್ಲದೆ ಬಂದರೆ ಕಸ್ಟಮ್ಸ್ ಅಧಿಕಾರಿಗಳು ಅದನ್ನು ಮುಟ್ಟುಗೋಲು ಹಾಕಿಕೊಳ್ಳಬಹುದು, ಅಥವಾ 1962ರ ಕಾಯ್ದೆಯ 125ನೆಯ ಸೆಕ್ಷನ್ನಿನಡಿ ದಂಡ ಕಟ್ಟಿಸಿಕೊಂಡು ಬಿಡಬಹುದು.

ಸುಂಕ ತಪ್ಪಿಸಲು ಪಾರ್ಸೆಲ್ ಮೇಲೆ 'ಉಡುಗೊರೆ' ಎಂದು ಬರೆಸುವ, ಬೆಲೆಯನ್ನು ಇಳಿಸಿ ತೋರಿಸುವ ಸಲಹೆ ಆಗಾಗ ಕೇಳಿಬರುತ್ತದೆ. ಅಂಚೆಯಲ್ಲಿ ಬರುವ ಉಡುಗೊರೆಗಳಿಗಿದ್ದ ರಿಯಾಯಿತಿಯನ್ನು ಭಾರತ ಸರ್ಕಾರವು 2019ರ ಡಿಸೆಂಬರಿನಲ್ಲೇ ಹಿಂತೆಗೆದುಕೊಂಡಿತು. ರಾಖಿ, ಜೀವರಕ್ಷಕ ಔಷಧಗಳಂತಹ ಕೆಲವನ್ನಷ್ಟೇ ಉಳಿಸಿತು. ಬೆಲೆಯನ್ನು ಇಳಿಸಿ ತೋರಿಸುವುದು ಅಪರಾಧವಂತೂ ಹೌದು, ಅದರ ಜೊತೆಗೆ ಪಾರ್ಸೆಲ್ ದಾರಿಯಲ್ಲಿ ಕಳೆದುಹೋದರೆ ಸಿಗುವ ಪರಿಹಾರವು ಆ ಸುಳ್ಳು ಬೆಲೆಯನ್ನು ಮೀರುವುದಿಲ್ಲ.