ಖಾಲಿ ಕೋಣೆಗೂ ಒಂದು ಸದ್ದಿದೆ

ಚಿಕ್ಕಮಗಳೂರಿನಲ್ಲಿ ನನ್ನದೊಂದು ಪುಟ್ಟ ಸ್ಟುಡಿಯೋ ಇದೆ. ಕಿರುಚಿತ್ರ, ಡಾಕ್ಯುಮೆಂಟರಿ, ಆಗೊಮ್ಮೆ ಈಗೊಮ್ಮೆ ದೊಡ್ಡ ಸಿನಿಮಾದ ಸೌಂಡ್ ಕೆಲಸ ಮಾಡುತ್ತೇನೆ. ಹಾರ್ಡ್ ಡಿಸ್ಕ್ ಹಿಡಿದು ಬರುವ ಹುಡುಗರು ಮೊದಲು ತೋರಿಸುವುದು ಡ್ರೋನ್ ಶಾಟ್. ಮುಳ್ಳಯ್ಯನಗಿರಿ ಮೇಲೆ ಮಂಜು, ಕೆಳಗೆ ಕಾಫಿ ತೋಟ. ನಿಜಕ್ಕೂ ಚೆಂದ ತೆಗೆದಿರುತ್ತಾರೆ. ಆಮೇಲೆ ಮಾತಿನ ದೃಶ್ಯ ಬರುತ್ತದೆ. ನಾನು ಹೆಡ್‌ಫೋನ್ ಹಾಕಿಕೊಂಡು, ‘ಇದರ ರೂಮ್ ಟೋನ್ ಎಲ್ಲಿ?’ ಎಂದು ಕೇಳುತ್ತೇನೆ. ಯಾರೂ ಮಾತಾಡದಿರುವಾಗ ಆ ಜಾಗದಲ್ಲಿ ಕೇಳುವ ಸದ್ದೇ ರೂಮ್ ಟೋನ್.

‘ಅಲ್ಲಿ ಏನೂ ಸದ್ದಿರಲಿಲ್ಲ ಸರ್. ಫುಲ್ ಸೈಲೆಂಟ್.’

ಎಷ್ಟು ವರ್ಷದಿಂದ ಈ ಉತ್ತರ ಕೇಳುತ್ತಿದ್ದೇನೋ! ಪ್ರತಿ ಸಲವೂ ಹೊಟ್ಟೆ ಉರಿಯುತ್ತದೆ.

ಒಳ್ಳೆಯ ಸಿನಿಮಾಕ್ಕೆ ಕಥೆ ಬೇಕು, ನಟನೆ ಬೇಕು. ಅದನ್ನು ನಾನು ಹೇಳಬೇಕಾಗಿಲ್ಲ. ನನ್ನ ಕೆಲಸದಲ್ಲಿ ಕಂಡದ್ದನ್ನಷ್ಟೇ ಹೇಳುತ್ತೇನೆ. ಚಿತ್ರ ಸ್ವಲ್ಪ ಮಬ್ಬಾಗಿದ್ದರೆ ಜನ ಸಹಿಸಿಕೊಳ್ಳುತ್ತಾರೆ. ಸದ್ದು ಕೆಟ್ಟರೆ ಸಹಿಸುವುದಿಲ್ಲ. ಎಲ್ಲಿ ತಪ್ಪಿತು ಎಂದು ಅವರಿಗೆ ಹೇಳಲು ಬರುವುದಿಲ್ಲ. ‘ಯಾಕೋ ಹಿಡಿಸಲಿಲ್ಲ’ ಅಂತ ಎದ್ದು ಹೋಗುತ್ತಾರೆ.

ನಿಮ್ಮ ಅಡುಗೆಮನೆಯಲ್ಲಿ ಒಂದು ನಿಮಿಷ ಸುಮ್ನೆ ನಿಂತು ನೋಡಿ. ಫ್ರಿಜ್ ಗುಂಯ್ ಎನ್ನುತ್ತಿರುತ್ತದೆ. ಹಿತ್ತಲಲ್ಲಿ ಜೀರುಂಡೆ. ಬೇಸಿಗೆಯಾದರೆ ದೂರದ ತೋಟದಲ್ಲಿ ಸ್ಪ್ರಿಂಕ್ಲರ್‌ಗೆ ನೀರೆತ್ತುವ ಡೀಸೆಲ್ ಪಂಪು. ಈಗ ಅಲ್ಲಿ ತಾಯಿ ಮಗ ಮಾತಾಡುವ ದೃಶ್ಯ ತೆಗೆಯುತ್ತೀರಿ ಎಂದುಕೊಳ್ಳಿ. ತಾಯಿಯ ಶಾಟ್ ಬೆಳಿಗ್ಗೆ ಆಯಿತು, ಮಗನದು ಮಧ್ಯಾಹ್ನ. ಎಡಿಟ್‌ನಲ್ಲಿ ಎರಡೂ ಅಕ್ಕಪಕ್ಕ ಕೂರುತ್ತವೆ. ತಾಯಿ ಮಾತಾಡುವಾಗ ಹಿಂದೆ ಜೀರುಂಡೆ, ಮಗ ಮಾತಾಡುವಾಗ ಪಂಪು. ಒಂದೊಂದು ಕಟ್‌ಗೂ ಯಾರೋ ಸ್ವಿಚ್ ಹಾಕಿ ಆರಿಸಿದ ಹಾಗೆ ಕೇಳುತ್ತದೆ. ಇನ್ನು ಇಬ್ಬರ ಮಾತಿನ ನಡುವೆ ನಿರ್ದೇಶಕರ ದನಿ ಬಿದ್ದಿದ್ದರೆ ಅದನ್ನು ಕತ್ತರಿಸಿ ತೆಗೆಯಬೇಕು. ತೆಗೆದ ಜಾಗದಲ್ಲಿ ಉಳಿಯುವುದು ಬರೀ ಸೊನ್ನೆ. ಆ ಸೊನ್ನೆ ಯಾವ ಮನೆಯಲ್ಲೂ, ಯಾವ ಕಾಡಿನಲ್ಲೂ ಇಲ್ಲ. ಥಿಯೇಟರ್‌ನಲ್ಲಿ ಅದು ಬಂದರೆ ಸ್ಪೀಕರ್ ಕೆಟ್ಟಿತೇನೋ ಎಂದು ಜನ ತಿರುಗಿ ನೋಡುತ್ತಾರೆ.

ಇದಕ್ಕೆ ಬೇಕಾದದ್ದು ಒಂದೇ ನಿಮಿಷ. ಆ ಜಾಗದ ಕೆಲಸ ಮುಗಿದ ಕೂಡಲೇ, ಲೈಟ್ ಬಿಚ್ಚುವ ಮೊದಲು, ಎಲ್ಲರನ್ನೂ ಇದ್ದಲ್ಲೇ ನಿಲ್ಲಿಸಿ. ಅದೇ ಮೈಕ್, ಅದೇ ಲೆವೆಲ್. ಯಾರೂ ಕಾಲು ಅಲ್ಲಾಡಿಸಬಾರದು. ಅರವತ್ತು ಸೆಕೆಂಡ್ ರೆಕಾರ್ಡ್ ಮಾಡಿ. ಎಲ್ಲರನ್ನೂ ಹೊರಗೆ ಕಳಿಸಿ ಮಾಡಬೇಡಿ. ಜನರ ಮೈ, ಬಟ್ಟೆ ಸದ್ದನ್ನು ಹೀರುತ್ತವೆ. ಹತ್ತು ಜನ ನಿಂತ ಕೋಣೆಯೇ ಬೇರೆ, ಖಾಲಿ ಕೋಣೆಯೇ ಬೇರೆ. ರೆಕಾರ್ಡರ್ ‘ಆಟೋ’ದಲ್ಲಿ ಇರಲೇಬಾರದು. ಮಾತು ನಿಂತ ಕೂಡಲೇ ಅದು ತಾನಾಗಿ ಲೆವೆಲ್ ಏರಿಸುತ್ತದೆ, ಹಿಂದಿನ ಸದ್ದೆಲ್ಲ ಅಲೆಯ ಹಾಗೆ ಎದ್ದು ಬರುತ್ತದೆ. ಹೀಗೆ ಹಿಡಿದ ಒಂದು ನಿಮಿಷವನ್ನು ತಾಯಿ ಮಗನ ಮಾತಿನ ಕೆಳಗೆ ಜಮಖಾನದ ಹಾಗೆ ಹಾಸುತ್ತೇನೆ. ಪಂಪು ಜೋರಾಗಿದ್ದರೆ ಪೂರ್ತಿ ಮುಚ್ಚದಿರಬಹುದು. ಆದರೂ ಇಬ್ಬರೂ ಒಂದೇ ಮನೆಯಲ್ಲಿ ಕೂತಿದ್ದಾರೆ ಎಂದು ಕಿವಿ ನಂಬುತ್ತದೆ.

ಇಂಟರ್ನೆಟ್‌ನಿಂದ ಇಳಿಸಿಕೊಂಡ ಕಾಡಿನ ಸದ್ದು ಹಾಕುತ್ತೇವೆ ಎನ್ನುವವರೂ ಇದ್ದಾರೆ. ಕೊಟ್ಟಿಗೆಹಾರದಲ್ಲಿ ತೆಗೆದ ರಾತ್ರಿಯ ದೃಶ್ಯವೊಂದರಲ್ಲಿ ನಮ್ಮ ಕಡೆ ಇಲ್ಲದ ಯಾವುದೋ ಹಕ್ಕಿ ಕೂಗುತ್ತಿತ್ತು. ದಯವಿಟ್ಟು ಹಾಗೆ ಮಾಡಬೇಡಿ. ಇಲ್ಲಿಯ ಮಕ್ಕಳಿಗೂ ಅದು ಗೊತ್ತಾಗುತ್ತದೆ.

ಆಮೇಲೆ ಸ್ಟುಡಿಯೋದಲ್ಲಿ ನಟರಿಂದ ಅದೇ ಮಾತನ್ನು ಮತ್ತೆ ಆಡಿಸಿ ಡಬ್ಬಿಂಗ್ ಮಾಡಿದರಾಯಿತು ಎನ್ನುವ ಮಾತು ಇನ್ನೊಂದು. ಡಬ್ಬಿಂಗ್ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ಹಿಂದೆ ನಮ್ಮಲ್ಲಿ ಹೊರಾಂಗಣದಲ್ಲಿ ಬಳಸುತ್ತಿದ್ದ ಫಿಲ್ಮ್ ಕ್ಯಾಮೆರಾಗಳೇ ಹೊಲಿಗೆ ಯಂತ್ರದ ಹಾಗೆ ಸದ್ದು ಮಾಡುತ್ತಿದ್ದವು, ಬೇರೆ ದಾರಿ ಇರಲಿಲ್ಲ. ಆದರೆ 2001ರ ‘ಲಗಾನ್’ ಸಿನಿಮಾಕ್ಕೆ ಅಷ್ಟೊಂದು ಜನರನ್ನು ಬಯಲಲ್ಲಿ ಇಟ್ಟುಕೊಂಡು ಸಿಂಕ್ ಸೌಂಡ್ ಮಾಡಿದರು, ಅಂದರೆ ಶೂಟಿಂಗ್ ಆಗುವಾಗಲೇ ಮಾತನ್ನೂ ರೆಕಾರ್ಡ್ ಮಾಡಿಕೊಂಡರು. ಈಗಿನ ಡಿಜಿಟಲ್ ಕ್ಯಾಮೆರಾಗಳು ಹೆಚ್ಚು ಸದ್ದು ಮಾಡುವುದೂ ಇಲ್ಲ. ಪಳಗಿದ ನಟರಾದರೆ ಡಬ್ಬಿಂಗ್‌ನಲ್ಲೂ ಜೀವ ತುಂಬುತ್ತಾರೆ. ನಟರಲ್ಲದವರ ವಿಷಯದಲ್ಲಿ ನನಗೆ ಆ ಧೈರ್ಯವಿಲ್ಲ.

ಮೂಡಿಗೆರೆ ಕಡೆಯ ಹುಡುಗನೊಬ್ಬ ತನ್ನ ಅಜ್ಜಿಯನ್ನೇ ಹಾಕಿಕೊಂಡು ಹದಿನೆಂಟು ನಿಮಿಷದ ಸಿನಿಮಾ ಮಾಡಿದ್ದ. ಅಜ್ಜಿ ಒಲೆ ಮುಂದೆ ಕೂತು ಮಾತಾಡುವುದು ಎಷ್ಟು ಸಹಜವಾಗಿತ್ತು ಅಂದರೆ ನಾನು ಕೆಲಸ ಬಿಟ್ಟು ನೋಡುತ್ತಾ ಕೂತೆ. ಆದರೆ ಮೈಕ್ ದೂರ ಇತ್ತು, ಎರಡು ಕಡೆ ಮಾತು ಸರಿಯಾಗಿ ಬಿದ್ದಿರಲಿಲ್ಲ. ರೂಮ್ ಟೋನ್ ಇರಲಿಲ್ಲ. ಡಬ್ಬಿಂಗ್‌ಗೆ ಅಜ್ಜಿಯನ್ನು ಕರೆತಂದ. ಹೆಡ್‌ಫೋನ್ ಹಾಕಿ ಕತ್ತಲ ಕೋಣೆಯಲ್ಲಿ ಕೂರಿಸಿದೆವು. ಅವರು ಸುತ್ತ ನೋಡಿ, ‘ಎಂತ ಮಾರಾಯ, ಗೋಡೆ ಹತ್ರ ಮಾತಾಡೂದಾ?’ ಅಂದರು. ನಾಲ್ಕು ಸಲ ಪ್ರಯತ್ನಿಸಿದೆವು. ಶಾಲೆಯ ಮಕ್ಕಳು ಪಾಠ ಒಪ್ಪಿಸಿದ ಹಾಗೆ ಬಂತು. ಸಾಕೆನಿಸಿ ಕಾಫಿ ಕೊಟ್ಟು, ಅವರ ಮನೆಗೇ ರೆಕಾರ್ಡರ್ ತೆಗೆದುಕೊಂಡು ಹೋದೆ. ಒಲೆ ಮುಂದೆ ಮೊಮ್ಮಗನನ್ನು ಎದುರು ಕೂರಿಸಿದ ಮೇಲೆ ಮಾತು ಮೊದಲಿನ ಹಾಗೇ ಬಂತು.

ಆದರೆ ಅದು ಜುಲೈ ತಿಂಗಳು. ಶೂಟಿಂಗ್ ಆಗಿದ್ದು ಫೆಬ್ರವರಿಯಲ್ಲಿ. ಹೆಂಚಿನ ಮೇಲೆ ಮಳೆ ಸುರಿಯುತ್ತಲೇ ಇತ್ತು. ನಡುರಾತ್ರಿ ಮಳೆ ನಿಂತಾಗ ಎದ್ದು ಹಿಡಿಯೋಣ ಎಂದರೆ ಕಪ್ಪೆಗಳು. ಮೈಕ್ ಬಾಯಿಗೆ ಹತ್ತಿರ ಇಟ್ಟಿದ್ದರಿಂದ ಅಜ್ಜಿಯ ಮಾತಷ್ಟೇ ಹೇಗೋ ಸಿಕ್ಕಿತು. ಫೆಬ್ರವರಿಯ ಆ ಒಣ ಮಧ್ಯಾಹ್ನದ ಅಡುಗೆಮನೆಯನ್ನು ಎಲ್ಲಿಂದ ತರುವುದು?

ವಾಪಸ್ ಬಂದು ಹಾರ್ಡ್ ಡಿಸ್ಕ್‌ನಲ್ಲಿದ್ದ ಎಲ್ಲ ಟೇಕ್‌ಗಳನ್ನೂ ಕೊನೆವರೆಗೆ ಕೇಳಿದೆ. ಎರಡು ದಿನ ಹಿಡಿಯಿತು. ಒಂದು ಕಡೆ ಕ್ಯಾಮೆರಾ ಹುಡುಗ ಕಟ್ ಆದ ಮೇಲೂ ಆಫ್ ಮಾಡುವುದನ್ನು ಮರೆತಿದ್ದ. ಎಲ್ಲರೂ ಊಟಕ್ಕೆ ಎದ್ದು ಹೋಗಿದ್ದಾರೆ. ಅಜ್ಜಿ ಒಬ್ಬರೇ. ಊದುಕೊಳವೆಯಲ್ಲಿ ಒಮ್ಮೆ ಊದಿದರು, ಬೆಕ್ಕಿಗೆ ಏನೋ ಹೇಳಿದರು, ಆಮೇಲೆ ಸುಮ್ಮನಾದರು. ಕೆಂಡ ಚಟಚಟ ಅನ್ನುತ್ತಿತ್ತು. ದೂರದಲ್ಲಿ ಪಂಪು. ಅಂಥ ಹನ್ನೊಂದು ಸೆಕೆಂಡ್ ಸಿಕ್ಕಿತು. ಅದನ್ನೇ ಮತ್ತೆ ಮತ್ತೆ ಜೋಡಿಸಿ ದೃಶ್ಯದ ಉದ್ದಕ್ಕೂ ಹಾಸಿದೆ. ಸಿನಿಮಾ ತೋರಿಸಿದ ದಿನ ಅಜ್ಜಿ ಪರದೆ ನೋಡುತ್ತಿದ್ದವರು ಥಟ್ಟನೆ ಮೊಮ್ಮಗನ ಕಡೆ ತಿರುಗಿದರು. ‘ಒಲೆ ಆರ್ಸಿದ್ಯಾ ಬರುವಾಗ?’