ತೋಪು ನಿಂತ ಮೇಲಿನ ಕೆಲಸ

1792ರ ಫೆಬ್ರವರಿ 24ರಂದು ಶ್ರೀರಂಗಪಟ್ಟಣದ ಮುತ್ತಿಗೆ ನಿಂತಿತು. ಟಿಪ್ಪು ಒಪ್ಪಿದ ಪ್ರಾಥಮಿಕ ಕರಾರು ಹೀಗಿತ್ತು: ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಕೈದಿಗಳ ಬಿಡುಗಡೆ. ಹಣದಲ್ಲಿ ಅರ್ಧ ಕೂಡಲೇ, ಉಳಿದದ್ದು ಕಂತಿನಲ್ಲಿ. ಅದು ತೀರುವವರೆಗೆ ಟಿಪ್ಪುವಿನ ಇಬ್ಬರು ಚಿಕ್ಕ ಮಕ್ಕಳು ಇಂಗ್ಲಿಷ್ ಸೇನಾಪತಿ ಕಾರ್ನ್‌ವಾಲಿಸನ ಬಳಿ ಒತ್ತೆ.

ಆದರೆ ಬಿಟ್ಟುಕೊಡುವ ಅರ್ಧದಲ್ಲಿ ಯಾವ ಯಾವ ಸೀಮೆ ಎಂದು ಹೆಸರಿಸಿರಲಿಲ್ಲ. ಮಿತ್ರಪಕ್ಷಗಳ (ಇಂಗ್ಲಿಷರು, ಮರಾಠರು, ನಿಜಾಮ) ಗಡಿಗೆ ಹೊಂದಿಕೊಂಡ ನಾಡು ಎಂದಷ್ಟೇ ಇತ್ತು. ಮಾರ್ಚಿನಲ್ಲಿ ಇಂಗ್ಲಿಷರ ಪಟ್ಟಿಯಲ್ಲಿ ಕೊಡಗು ಬಂತು. ರಾಜಧಾನಿಯ ಪಕ್ಕದ ಕೊಡಗು ಅವರ ಗಡಿಗೆ ಹೊಂದಿದ್ದು ಹೇಗೆ ಎಂದು ಟಿಪ್ಪು ಕೆರಳಿದ. ಮತ್ತೆ ಮುತ್ತಿಗೆಯ ಸಿದ್ಧತೆ ಶುರುವಾಯಿತು. ಕೊನೆಗೆ ಅವನು ಮಣಿದು, ಮಾರ್ಚ್ 18ಕ್ಕೆ ಅಂತಿಮ ಒಪ್ಪಂದವಾಯಿತು.

ಕದನವಿರಾಮಗಳು ಹೆಚ್ಚಾಗಿ ಮುರಿಯುವುದು ಇಂಥ ಅರೆಬರೆ ಬರೆದ ಸಾಲುಗಳಲ್ಲೇ. ಭಾರತ, ಪಾಕಿಸ್ತಾನಗಳ ನಡುವಿನ 1949ರ ಕರಾಚಿ ಒಪ್ಪಂದ ಕಾಶ್ಮೀರದ ಕದನವಿರಾಮ ರೇಖೆಯನ್ನು ಎನ್‌ಜೆ 9842 ಎಂಬ ಬಿಂದುವಿನವರೆಗೆ ಗುರುತಿಸಿ, ಅಲ್ಲಿಂದಾಚೆ ‘ಉತ್ತರಕ್ಕೆ ಹಿಮನದಿಗಳವರೆಗೆ’ ಎಂದು ಬಿಟ್ಟಿತು. 1984ರಿಂದ ಸಿಯಾಚಿನ್‌ನಲ್ಲಿ ಸೈನಿಕರು ತೆತ್ತ ಬೆಲೆಯ ಮೂಲ ಅಲ್ಲಿದೆ.

ರೇಖೆಯಷ್ಟೇ ಮುಖ್ಯವಾದದ್ದು ಗಳಿಗೆ. ಸಹಿಗೂ ಜಾರಿಗೂ ನಡುವೆ ಅಂತರ ಬೇಕೇ ಬೇಕು, ಏಕೆಂದರೆ ಆದೇಶ ಕಟ್ಟಕಡೆಯ ಕಂದಕಕ್ಕೂ ಮುಟ್ಟಬೇಕು. ಮೊದಲ ಮಹಾಯುದ್ಧ ನಿಲ್ಲಿಸಲು 1918ರ ನವೆಂಬರ್ 11ರಂದು ಫ್ರಾನ್ಸಿನ ಕಾಂಪಿಯೆನ್ ಕಾಡಿನ ರೈಲುಬೋಗಿಯಲ್ಲಿ ಬೆಳಗಿನ 5 ಗಂಟೆ ದಾಟಿದ ಮೇಲೆ ಸಹಿ ಬಿತ್ತು, ಜಾರಿ 11ಕ್ಕೆ. ಸುದ್ದಿ ತಿಳಿದೂ ಕೆಲವು ದಳಪತಿಗಳು ದಾಳಿ ನಿಲ್ಲಿಸಲಿಲ್ಲ. ಆ ಒಂದೇ ದಿನ ಎರಡು ಸಾವಿರಕ್ಕೂ ಹೆಚ್ಚು ಜನ ಸತ್ತರು. ಇದನ್ನು ತಪ್ಪಿಸಬಹುದಿತ್ತು: ಮಾತುಕತೆ ಮುಗಿಯುವವರೆಗಾದರೂ ಹೋರಾಟ ನಿಲ್ಲಿಸೋಣವೆಂಬ ಜರ್ಮನರ ಕೋರಿಕೆಯನ್ನು ಎದುರು ಪಕ್ಷದ ಮಹಾದಂಡನಾಯಕ ಫೋಷ್ ತಳ್ಳಿಹಾಕಿದ್ದ. ಆ ವಿರಾಮದ ಅವಧಿ 36 ದಿನ ಮಾತ್ರ. ವರ್ಸೇಲ್ಸ್ ಶಾಂತಿ ಒಪ್ಪಂದದವರೆಗೆ ಅದನ್ನು ಮತ್ತೆ ಮತ್ತೆ ವಿಸ್ತರಿಸಬೇಕಾಯಿತು.

ಕೊರಿಯಾ ಯುದ್ಧದ ಕದನವಿರಾಮದಲ್ಲಿ ಬರಹ ಬಿಗಿಯಾಗಿತ್ತು. 1953ರ ಜುಲೈ 27ರ ಬೆಳಿಗ್ಗೆ 10ಕ್ಕೆ ಸಹಿ, ರಾತ್ರಿ 10ಕ್ಕೆ ಜಾರಿ. ಮುಂದಿನ 72 ಗಂಟೆಯೊಳಗೆ ಎರಡೂ ಸೇನೆಗಳು ರೇಖೆಯಿಂದ ತಲಾ 2 ಕಿಲೋಮೀಟರ್ ಹಿಂದೆ ಸರಿಯಬೇಕು. ಶಾಂತಿ ಒಪ್ಪಂದ ಆಗದಿದ್ದರೂ ಆ ರೇಖೆ ಉಳಿದಿದೆ.

ಅಲ್ಲಿ ಮಾತುಕತೆ ಒಂದು ವರ್ಷಕ್ಕೂ ಮೀರಿ ಸಿಕ್ಕಿಕೊಂಡದ್ದು ಊರಿಗೆ ಮರಳಲೊಲ್ಲದ ಕೈದಿಗಳ ವಿಷಯದಲ್ಲಿ. ಅಂಥ 22 ಸಾವಿರಕ್ಕೂ ಹೆಚ್ಚು ಮಂದಿಯನ್ನು ಭಾರತೀಯ ಪಡೆ ಕಾಯಿತು. ಈ ಕೈದಿಗಳ ಹೊಣೆ ಹೊತ್ತ ತಟಸ್ಥ ದೇಶಗಳ ಆಯೋಗದ ಅಧ್ಯಕ್ಷರು ಕೊಡಗಿನ ಜನರಲ್ ತಿಮ್ಮಯ್ಯ. ಕೈದಿಗಳಿಗೆ ಅವರವರ ದೇಶದವರು ಎದುರು ಕೂತು ಬರಹೇಳಲು ಒಟ್ಟು 90 ದಿನ ಗೊತ್ತುಮಾಡಿದ್ದರು. ಬಹುಪಾಲು ಮಂದಿ ಒಪ್ಪಲಿಲ್ಲ. ಅವರನ್ನು 1954ರ ಜನವರಿಯಲ್ಲಿ, ಮೊದಲು ಸೆರೆಹಿಡಿದಿದ್ದ ಪಕ್ಷಕ್ಕೇ ಒಪ್ಪಿಸಲಾಯಿತು.